ಡಿಸೆಂಬರ್ 25 ಹಬ್ಬದ ಮೊದಲ ದಿನ

ಹೋದ ವರ್ಷ, 2024ರ ಡಿಸೆಂಬರ್ 24ರ ಸಂಜೆ, ನನ್ನ ಏಳು ವರ್ಷದ ಮಗನನ್ನು ಸಿಕ್ಕಾಪಟ್ಟೆ ಬೈದೆ. ಕ್ರಿಸ್‌ಮಸ್ಸಿಗೆ ಯೇಸು ಹುಟ್ಟಿದ ಕೊಟ್ಟಿಗೆಯ ಹಾಗೆ ಮನೆಯಲ್ಲಿ ಮಾಡುವ ಗೋದಲಿಯಲ್ಲಿ ಇಡಬೇಕಾದ ಬಾಲಯೇಸುವಿನ ಸ್ವರೂಪ, ಅಂದರೆ ಪುಟ್ಟ ಬೊಂಬೆ, ಸಿಗಲಿಲ್ಲ, ಅದಕ್ಕೆ.

ಬೆರಳುದ್ದದ ಸ್ವರೂಪ ಅದು. ನಮ್ಮ ಮನೆಯಲ್ಲಿ ಮರಿಯಮ್ಮ, ಜೋಸೆಫರು, ಕುರುಬರು, ಕುರಿಗಳು ಎಲ್ಲರೂ ಮೊದಲೇ ಗೋದಲಿಗೆ ಬಂದುಬಿಡುತ್ತಾರೆ. ಮಗುವನ್ನು ಮಾತ್ರ 24ರ ರಾತ್ರಿ ಇಡುವುದು. ಅಲ್ಲಿಯವರೆಗೆ ಬೇರೆ ಕಡೆ ಭದ್ರವಾಗಿ ಎತ್ತಿಟ್ಟಿರುತ್ತೇವೆ. ಮಗನಿಗೆ ಆ ಬೊಂಬೆಗಳ ಮೇಲೆ ತುಂಬಾ ಆಸೆ. ಯಾರೂ ನೋಡದಾಗ ಕುರಿಗಳನ್ನು ಎತ್ತಿಕೊಂಡು ಆಡುತ್ತಿರುತ್ತಾನೆ. ಹಾಗಾಗಿ ಇವನೇ ಕಳೆದಿದ್ದಾನೆ ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. "ನಾನು ಮುಟ್ಟಿಲ್ಲ ಅಮ್ಮಾ" ಅಂತ ಅವನು ಎಷ್ಟು ಸಲ ಹೇಳಿದನೋ. ನಾನು ಕೇಳಿಸಿಕೊಳ್ಳಲಿಲ್ಲ.

ಆ ದಿನ ಬೆಳಗ್ಗೆಯಿಂದ ಒಂದೂ ಸರಿ ಹೋಗಿರಲಿಲ್ಲ. ಹಿಂದಿನ ದಿನ ಚೆನ್ನಾಗಿ ಉರಿದಿದ್ದ ನಕ್ಷತ್ರದ ದೀಪ ಹೊತ್ತಲಿಲ್ಲ. ತಂಗಿಗೆ ಬಸ್ಸು ತಪ್ಪಿತು, 26ಕ್ಕೆ ಬರುತ್ತೇನೆ ಅಂತ ಫೋನ್ ಮಾಡಿ ಅತ್ತಳು. ಇವರಿಗೆ ಕೊನೇ ಗಳಿಗೆಯಲ್ಲಿ ನೈಟ್ ಶಿಫ್ಟ್ ಬಂತು. ಕುರುಬನ ವೇಷಕ್ಕೆ ಹೊಲಿಸಿದ್ದ ಅಂಗಿ ಮಗನಿಗೆ ಗಿಡ್ಡವಾಯಿತು. ಅದನ್ನು ಬಿಚ್ಚಿ ಉದ್ದ ಮಾಡುವಷ್ಟರಲ್ಲಿ ಒಲೆ ಮೇಲೆ ಇಟ್ಟಿದ್ದು ಸೀದುಹೋಯಿತು. ಒಂದೊಂದೇ ನೋಡಿದರೆ ಎಲ್ಲವೂ ಸಣ್ಣವು. ಒಂದೇ ದಿನ ಮೇಲಿಂದ ಮೇಲೆ ಬಂದಾಗ ಮಾತ್ರ ತಡೆಯಲಾಗಲಿಲ್ಲ. ಆ ಭಾರವನ್ನೆಲ್ಲ ಮಗುವಿನ ಮೇಲೆ ಹಾಕಿದೆ.

ಊದಿಕೊಂಡ ಕಣ್ಣಲ್ಲೇ ಅವನು ಕುರುಬನ ವೇಷ ಹಾಕಿಕೊಂಡು ರಾತ್ರಿ ಪೂಜೆಗೆ ಬಂದ. ನಾನು ಕ್ವಾಯರ್‌ನಲ್ಲಿ ಹಾಡುವವಳು. ಕ್ರಿಸ್‌ಮಸ್ಸಿಗೆ ಮುಂಚೆ ಬರುವ ಆಗಮನ ಕಾಲದ ಭಾನುವಾರಗಳಲ್ಲಿ, ದೇವರನ್ನು ಕೊಂಡಾಡುವ ಮಹಿಮಾ ಗೀತೆ ಹಾಡುವುದಿಲ್ಲ, ನಿಮಗೆ ಗೊತ್ತಿರಬಹುದು. ಅಷ್ಟು ವಾರ ಬಾಯಿ ಕಟ್ಟಿಕೊಂಡಿದ್ದು, ಆ ರಾತ್ರಿ ಗಂಟೆಗಳ ಜೊತೆ ಮತ್ತೆ ಎತ್ತಿ ಹಾಡುವುದು. ವರ್ಷವಿಡೀ ನಾನು ಕಾಯುವ ಗಳಿಗೆ ಅದು. "ಭೂಲೋಕದಲ್ಲಿ ಶಾಂತಿ" ಅನ್ನುವ ಮಾತು ಬರುವಷ್ಟರಲ್ಲಿ ನನ್ನ ಗಂಟಲು ಕಟ್ಟಿತು. ಮುಂದಿನ ಸಾಲಲ್ಲಿ ಕುರುಬರ ನಡುವೆ ಅವನು ತಲೆ ತಗ್ಗಿಸಿ ನಿಂತಿದ್ದ. ನಾನು ಬಾಯಿ ಆಡಿಸಿದೆ ಅಷ್ಟೇ, ಹಾಡಲಿಲ್ಲ.

ಪೂಜೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಮೇಲೆ ಅವನ ಪಕ್ಕ ಕೂತು, "ತಪ್ಪಾಯ್ತು ಕಂದ" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಯೇಸು ಎಲ್ಲಿ?" ಅಂತ ಕೇಳಿದ. ಗೊತ್ತಿಲ್ಲ, ಹುಡುಕೋಣ ಅಂದೆ.

ಮನೆಗೆ ಬಂದರೆ ಅತ್ತೆ ಖಾಲಿ ಗೋದಲಿಯ ಮುಂದೆ ಮೇಣದಬತ್ತಿ ಹಚ್ಚಿಟ್ಟಿದ್ದರು. "ಹುಲ್ಲು ಹಾಸಿದೆಯಲ್ಲಮ್ಮ, ಬರ್ತಾನೆ ಬಿಡು" ಅಂದರು. ಆಮೇಲೆ ನನಗೆ ಗ್ರೆಚ್ಚೋ ಊರಿನ ಗೋದಲಿ ನೆನಪಾಯಿತು. 1223ರಲ್ಲಿ ಅಸ್ಸೀಸಿಯ ಸಂತ ಫ್ರಾನ್ಸಿಸ್ ಇಟಲಿಯ ಆ ಪುಟ್ಟ ಊರಲ್ಲಿ ಗೋದಲಿ ಮಾಡಿಸಿ, ಹುಲ್ಲು ಹಾಕಿಸಿ, ನಿಜವಾದ ಎತ್ತನ್ನೂ ಕತ್ತೆಯನ್ನೂ ತರಿಸಿದ್ದರು. ಅದರ ಬಳಿಯೇ ಬಲಿಪೂಜೆ ನಡೆಯಿತು. ಡೀಕನ್ (ಪೂಜೆಯಲ್ಲಿ ಗುರುಗಳಿಗೆ ನೆರವಾಗುವವರು) ಆಗಿದ್ದ ಫ್ರಾನ್ಸಿಸ್ ತಾವೇ ಬೈಬಲಿನ ಶುಭಸಂದೇಶ ಹಾಡಿ, ಬೆತ್ಲೆಹೇಮಿನ ಮಗುವಿನ ಬಗ್ಗೆ ಪ್ರಸಂಗ ಮಾಡಿದರು. (ಲೂಕನ ಶುಭಸಂದೇಶದ ಜನನದ ಕಥೆಯಲ್ಲಿ ಎತ್ತೂ ಇಲ್ಲ, ಕತ್ತೆಯೂ ಇಲ್ಲ. ಅವು ಪ್ರವಾದಿ ಯೆಶಾಯನ ಒಂದು ಮಾತಿನಿಂದ ಗೋದಲಿಗೆ ಬಂದು ಸೇರಿಕೊಂಡವು. ಮಗನಿಗೆ ಇದನ್ನು ಹೇಳಿದರೆ ನಂಬುವುದೇ ಇಲ್ಲ.)

ಈಗ ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ. ನಾವೆಲ್ಲ ಕ್ರಿಸ್‌ಮಸ್ಸನ್ನು ತಪ್ಪಾಗಿ ಎಣಿಸುತ್ತಿದ್ದೇವೆ. ಡಿಸೆಂಬರ್ ಶುರುವಾದ ದಿನದಿಂದ ಓಡಿ ಓಡಿ, 25ರ ಮಧ್ಯಾಹ್ನಕ್ಕೆ ಸುಸ್ತಾಗಿ ಮಲಗಿ, 26ಕ್ಕೆ ಗೋದಲಿ ಬಿಚ್ಚಿ ಡಬ್ಬಕ್ಕೆ ತುಂಬುತ್ತೇವೆ. ಅದನ್ನು ಕಂಡರೆ ನನಗೆ ನಿಜವಾಗಲೂ ಸಂಕಟವಾಗುತ್ತದೆ. ಧರ್ಮಸಭೆ ಇಟ್ಟುಕೊಟ್ಟ ಲೆಕ್ಕ ಹಾಗಿಲ್ಲ. ಆಗಮನ ಕಾಲ ನಾಲ್ಕು ಭಾನುವಾರಗಳದ್ದು. ಕಡಿಮೆ ಅಂದರೆ 22 ದಿನ, ಜಾಸ್ತಿ ಅಂದರೆ 28. ಅದು ಕಾಯುವ ಕಾಲ. ಹಬ್ಬ ಶುರುವಾಗುವುದೇ 24ರ ರಾತ್ರಿ. 25ರಿಂದ ಜನವರಿ 1ರವರೆಗೆ ಎಂಟು ದಿನವನ್ನೂ ಸೇರಿಸಿ ಒಂದೇ ದೊಡ್ಡ ಹಬ್ಬ ಅಂತ ಆಚರಿಸುವುದು. ಆಮೇಲೆ ಜ್ಞಾನಿಗಳು ಬಂದು ಮಗುವಿಗೆ ಅಡ್ಡಬಿದ್ದ ಹಬ್ಬ ಜನವರಿ 6ಕ್ಕೆ, ಕೆಲವು ಕಡೆ ಅದರ ಹತ್ತಿರದ ಭಾನುವಾರಕ್ಕೆ. ಕಥೋಲಿಕ ಪಂಚಾಂಗದಲ್ಲಿ ಪ್ರಭುವಿನ ಸ್ನಾನದೀಕ್ಷೆಯ ಹಬ್ಬದವರೆಗೂ ಕ್ರಿಸ್‌ಮಸ್ ಕಾಲವೇ. ಹೋದ ಸಲ ಅದು ಜನವರಿ 12ಕ್ಕೆ ಬಂದಿತ್ತು. ಇದು ಇತ್ತೀಚೆಗೆ ಯಾರೋ ಸೇರಿಸಿದ್ದೂ ಅಲ್ಲ. 567ರಲ್ಲಿ ಫ್ರಾನ್ಸಿನ ತೂರ್ ನಗರದಲ್ಲಿ ಸೇರಿದ್ದ ಬಿಷಪ್ಪರು ಆಗಲೇ ಕ್ರಿಸ್‌ಮಸ್ಸಿನಿಂದ ಜ್ಞಾನಿಗಳ ಹಬ್ಬದವರೆಗಿನ ದಿನಗಳನ್ನು ಹಬ್ಬದ ದಿನಗಳು ಅಂತ ಕರೆದಿದ್ದರು.

ಅಂದರೆ 24ರೊಳಗೆ ಎಲ್ಲ ಆಗಲೇಬೇಕು ಅಂತ ನಮ್ಮ ಕತ್ತಿನ ಮೇಲೆ ಕೂತವರು ಯಾರು? ನಾವೇ ಅಲ್ವಾ? ತಂಗಿ 26ಕ್ಕೆ ಬಂದರೆ ಹಬ್ಬಕ್ಕೇ ಬಂದಳು. ತಡವಾಯಿತು ಅಂತ ಅವಳು ಕಣ್ಣೀರು ಹಾಕಬೇಕಾದ್ದೇ ಇರಲಿಲ್ಲ. ಹಾಸಿಗೆ ಹಿಡಿದ ಹಿರಿಯರ ಮನೆಗೆ ಹೋಗುವುದು, ಹಾಡು ಹಾಡಿಕೊಂಡು ಮನೆಮನೆಗೆ ಹೋಗುವುದು, ಜಗಳ ಆಡಿದವರ ಜೊತೆ ಮಾತಾಡುವುದು, ಇವನ್ನೆಲ್ಲ 24ರ ಹಿಂದಿನ ವಾರಕ್ಕೇ ಯಾಕೆ ತುರುಕಬೇಕು? 27ಕ್ಕೆ ಹೋದರೆ ಅವರ ಹತ್ತಿರ ಕೂತು ಎರಡು ಮಾತಾಡಲು ಪುರುಸೊತ್ತಿರುತ್ತದೆ. ಕ್ರಿಸ್‌ಮಸ್ ಆದ ಮರುದಿನದಿಂದ ಒಂಟಿಯಾಗಿರುವವರ ಮನೆ ಎಷ್ಟು ಖಾಲಿ ಅನಿಸುತ್ತದೆ ಅಂತ ಅತ್ತೆಯನ್ನು ಕೇಳಿದರೆ ಗೊತ್ತಾಗುತ್ತದೆ. ಮಾವ ತೀರಿಕೊಂಡ ವರ್ಷ 25ಕ್ಕೆ ಅವರ ಮನೆ ತುಂಬ ಜನ ಇದ್ದರಂತೆ. 26ಕ್ಕೆ ಒಬ್ಬರೂ ಇರಲಿಲ್ಲವಂತೆ.

ಕಳೆದುಹೋದ ಸ್ವರೂಪದ ಕಥೆ ಅಲ್ಲಿಗೇ ಮುಗಿಯಲಿಲ್ಲ. ಡಿಸೆಂಬರ್ 29, ಭಾನುವಾರ, ಪವಿತ್ರ ಕುಟುಂಬದ ಹಬ್ಬ. ಅವತ್ತಿನ ಶುಭಸಂದೇಶ ಲೂಕನ ಎರಡನೇ ಅಧ್ಯಾಯದ್ದು, ಹನ್ನೆರಡು ವರ್ಷದ ಯೇಸು ಜೆರುಸಲೇಮಿನಲ್ಲೇ ಉಳಿದುಹೋಗುವ ಭಾಗ. ಮಗು ಜೊತೆಗಾರರ ಗುಂಪಿನಲ್ಲಿದ್ದಾನೆ ಅಂದುಕೊಂಡು ತಂದೆತಾಯಿ ಒಂದು ದಿನದ ದಾರಿ ನಡೆದುಬಿಡುತ್ತಾರೆ. ಆಮೇಲೆ ವಾಪಸು ಬಂದು ಹುಡುಕುತ್ತಾರೆ. ಮೂರು ದಿನ ಆದ ಮೇಲೆ ದೇವಾಲಯದಲ್ಲಿ ಸಿಗುತ್ತಾನೆ. ಎಷ್ಟೋ ವರ್ಷದಿಂದ ಕೇಳಿದ ಪಾಠ. ಅವತ್ತು ಮೈ ಜುಂ ಅಂದಿತು. ಮಗ ನನ್ನ ಕೈ ಜಗ್ಗಿ, "ಅಮ್ಮಾ, ಅವರಿಗೂ ಸಿಗ್ಲಿಲ್ವಾ?" ಅಂತ ಪಿಸುಗುಟ್ಟಿದ. ಮರಿಯಮ್ಮನಿಗೂ ತಾನು ಕಣ್ಣಿಟ್ಟು ಕಾಯುತ್ತಿದ್ದ ಮಗ ಕಣ್ತಪ್ಪಿ ಹೋಗಿದ್ದ. ಆ ತಾಯಿ ಎಷ್ಟು ಹೆದರಿರಬೇಕು.

ಮನೆಗೆ ಬಂದು ಬಟ್ಟೆ ಬದಲಾಯಿಸುವಾಗ ಮಗನ ಅಂಗಿಯ ಗುಂಡಿ ಕಿತ್ತುಬಂತು. ಅತ್ತೆ ಹೊಲಿಯಲು ತಮ್ಮ ಹಳೇ ಡಬ್ಬ ತೆಗೆದರು. ದಾರದ ಉಂಡೆಗಳ ಕೆಳಗೆ ಒಂದು ಕರ್ಚೀಫಿನ ಗಂಟು. ನನ್ನದೇ ಕರ್ಚೀಫು, ನಾನೇ ಹಾಕಿದ ಗಂಟು. ಹಿಂದಿನ ಜನವರಿಯಲ್ಲಿ ಎಲ್ಲರ ಕೈಗೂ ಸಿಗದ ಜಾಗ ಅಂತ ಅಲ್ಲಿ ಇಟ್ಟು ಮರೆತಿದ್ದೆ. ಬಿಚ್ಚಿದರೆ ಹತ್ತಿಯ ಒಳಗೆ ಮಗು.

ಮಗನಿಗೆ ಎರಡನೇ ಸಲ ಕ್ಷಮೆ ಕೇಳಿದೆ. ಅವನು ಅದನ್ನು ಕೇಳಿಸಿಕೊಳ್ಳುವ ಹೊತ್ತಿಗೆ ಸ್ವರೂಪ ಎತ್ತಿಕೊಂಡು ಗೋದಲಿಯ ಹತ್ತಿರ ಓಡಿದ್ದ. ತಂಗಿ ಇದ್ದಳು, ರಜೆ ಹಾಕಿ ಇವರೂ ಮನೆಯಲ್ಲಿದ್ದರು. 24ಕ್ಕೆ ನಾವು ಅಷ್ಟು ಜನ ಒಟ್ಟಿಗೆ ಇರುತ್ತಿರಲಿಲ್ಲ. ಅತ್ತೆ ಮಹಿಮಾ ಗೀತೆ ಎತ್ತಿದರು, ನಾನು ಪೂರ್ತಿ ಹಾಡಿದೆ.

ಇವತ್ತು ಆಗಮನ ಕಾಲದ ಮೊದಲ ಭಾನುವಾರ. ಬೆಳಗ್ಗೆ ಒಂದು ಮೇಣದಬತ್ತಿ ಹಚ್ಚಿದ್ದೇವೆ. ಈ ಸಲ ಕೆಲಸದ ಪಟ್ಟಿಯನ್ನು ಎರಡು ಹಾಳೆಯಲ್ಲಿ ಬರೆದೆ, 25ಕ್ಕೆ ಮುಂಚಿನದು ಒಂದು, ಆಮೇಲಿನದು ಒಂದು. ಎರಡನೇ ಹಾಳೆಯೇ ಜಾಸ್ತಿ ಉದ್ದ ಇದೆ. ನೆಂಟರನ್ನೆಲ್ಲ 28ರ ಭಾನುವಾರಕ್ಕೆ ಕರೆದಿದ್ದೇವೆ. ಮೂವರು ಜ್ಞಾನಿಗಳನ್ನು ಮಗ ಕಿಟಕಿಯ ಮೂಲೆಯಲ್ಲಿ ನಿಲ್ಲಿಸಿದ್ದಾನೆ. ದಿನಕ್ಕೆ ಒಂದು ಗೇಣು ನಡೆಸಿ ಜನವರಿ 6ಕ್ಕೆ ಗೋದಲಿ ಮುಟ್ಟಿಸುತ್ತಾನಂತೆ.

ಬಾಲಯೇಸುವನ್ನು 24ರವರೆಗೆ ಜೋಪಾನ ಮಾಡುವ ಕೆಲಸವೂ ಅವನದೇ. ಎಲ್ಲಿ ಇಟ್ಟಿದ್ದಾನೆ ಅಂತ ನಾನು ಕೇಳಿಲ್ಲ.