ಜೀವ ಕೊಟ್ಟದ್ದು ತಪ್ಪೋ, ಕೈಬಿಟ್ಟದ್ದು ತಪ್ಪೋ?

ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ (1818) ಕಾದಂಬರಿಯಲ್ಲಿ ವಿಕ್ಟರ್ ಎಂಬ ವಿದ್ಯಾರ್ಥಿ ಹೆಣಗಳ ಅವಯವ ಜೋಡಿಸಿ ಜೀವ ತುಂಬುತ್ತಾನೆ. ಮುಂದೆ ಅವನ ತಮ್ಮ, ಗೆಳೆಯ, ಹೆಂಡತಿ ಮೂವರೂ ಆ ಜೀವಿಯ ಕೈಯಲ್ಲಿ ಸಾಯುತ್ತಾರೆ. ಮನುಷ್ಯ ದೇವರ ಕೆಲಸಕ್ಕೆ ಕೈಹಾಕಿದ್ದೇ ಈ ಅನರ್ಥಕ್ಕೆ ಮೂಲವೇ?

ಪರ: ಕೈಹಾಕಿದ್ದೇ ತಪ್ಪು

ಜರ್ಮನಿಯ ಇಂಗೋಲ್‌ಸ್ಟಾಟ್ ಊರಿನ ಕೋಣೆಯಲ್ಲಿ ವಿಕ್ಟರ್ ಸುಮಾರು ಎರಡು ವರ್ಷ ದುಡಿದ. ಶವಾಗಾರದಿಂದ ಮೂಳೆ ಆಯ್ದ, ಕಸಾಯಿಖಾನೆಯಿಂದಲೂ ಸಾಮಗ್ರಿ ತಂದ, ಮನೆಗೆ ಕಾಗದ ಬರೆಯುವುದನ್ನೂ ಬಿಟ್ಟ. ಏತಕ್ಕೆ? ಹೊಸದೊಂದು ಜೀವಕುಲ ತನ್ನನ್ನು ಸೃಷ್ಟಿಕರ್ತನೆಂದು ಕೊಂಡಾಡಲಿ, ಯಾವ ತಂದೆಗೂ ಸಲ್ಲದ ಕೃತಜ್ಞತೆ ತನಗೆ ಸಲ್ಲಲಿ ಎಂದು. ಇದು ಅವನದೇ ಮಾತು. ಹುಟ್ಟುವವನು ಯಾರ ನಡುವೆ, ಹೇಗೆ ಬದುಕಬೇಕು ಎಂಬ ಯೋಚನೆ ಅದರಲ್ಲಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಒಂದು ಸಣ್ಣ ವಿವರ. ಸೂಕ್ಷ್ಮ ಭಾಗಗಳನ್ನು ಜೋಡಿಸುತ್ತ ಕೂತರೆ ತಡವಾಗುತ್ತದೆಂದು ಅವನು ಆ ದೇಹವನ್ನು ಎಂಟು ಅಡಿ ಎತ್ತರಕ್ಕೆ ಮಾಡುತ್ತಾನೆ. ಜನ ಕಂಡಲ್ಲೆಲ್ಲ ಹೆದರಿ ಓಡಿದ ಆ ಮೈಯನ್ನು ಅಳೆದದ್ದು ಮಾಡುವವನ ಅವಸರ!

ಇದು ಬರೀ ಕಲ್ಪನೆಯೂ ಆಗಿರಲಿಲ್ಲ. 1803ರಲ್ಲಿ ಲಂಡನ್ನಿನಲ್ಲಿ ಇಟಲಿಯ ವಿಜ್ಞಾನಿ ಜೊವಾನಿ ಆಲ್ದೀನಿ ನೇಣಿಗೇರಿದ ಅಪರಾಧಿಯೊಬ್ಬನ ಶವಕ್ಕೆ ವಿದ್ಯುತ್ ಹರಿಸಿದಾಗ ದವಡೆ ಅದುರಿ, ಒಂದು ಕಣ್ಣು ತೆರೆದುಕೊಂಡಿತ್ತು. ಜಗತ್ತಿನ ಸೃಷ್ಟಿಕರ್ತನ ಕೆಲಸವನ್ನು ಅಣಕಿಸುವ ಮಾನವ ಯತ್ನದ ಫಲ ಅತ್ಯಂತ ಭಯಾನಕ ಎಂದು 1831ರ ಆವೃತ್ತಿಯ ಮುನ್ನುಡಿಯಲ್ಲಿ ಮೇರಿಯೇ ಬರೆದಳು.

ವಿರೋಧ: ಕೈಬಿಟ್ಟದ್ದೇ ತಪ್ಪು

ಆ ಮುನ್ನುಡಿ ಬಂದದ್ದು ಹದಿಮೂರು ವರ್ಷಗಳ ನಂತರ. ಮೊದಲ ಆವೃತ್ತಿಯ ಶೀರ್ಷಿಕೆ ಪುಟದಲ್ಲಿ ಇದ್ದದ್ದು ಮಿಲ್ಟನ್ನನ ಕಾವ್ಯದಲ್ಲಿ ಆದಮ ದೇವರಿಗೆ ಹಾಕುವ ಪ್ರಶ್ನೆ: ಈ ಮಣ್ಣಿನಿಂದ ನನ್ನನ್ನು ಮನುಷ್ಯನನ್ನಾಗಿ ಮಾಡೆಂದು ನಾನು ಕೇಳಿದ್ದೆನೇ?

ಜೀವ ಬಂದ ರಾತ್ರಿಯನ್ನೇ ನೋಡಿ. ಆ ಜೀವಿ ವಿಕ್ಟರ್‌ನ ಹಾಸಿಗೆಯ ಪರದೆ ಎತ್ತಿ, ಏನೋ ತೊದಲಿ, ಕೈ ಚಾಚುತ್ತದೆ. ಕೂಸು ಮಾಡುವುದೂ ಅಷ್ಟೇ ಅಲ್ಲವೇ? ಅವನು ಮೆಟ್ಟಿಲಿಳಿದು ಓಡಿ, ಅಂಗಳದಲ್ಲಿ ರಾತ್ರಿ ಕಳೆಯುತ್ತಾನೆ. ಅದಕ್ಕೊಂದು ಹೆಸರನ್ನೂ ಇಡುವುದಿಲ್ಲ. ಆದರೂ ಅದು ಬಡ ಕುಟುಂಬವೊಂದಕ್ಕೆ ಗುಟ್ಟಾಗಿ ಸೌದೆ ತಂದಿಡುತ್ತದೆ, ಹಿಮ ಸರಿಸಿ ದಾರಿ ಮಾಡುತ್ತದೆ, ಮರೆಯಲ್ಲಿ ನಿಂತು ಕೇಳಿಸಿಕೊಂಡೇ ಮಾತು ಕಲಿಯುತ್ತದೆ. ಅದನ್ನು ಮನುಷ್ಯನಂತೆ ಮಾತನಾಡಿಸಿದವನು ಆ ಮನೆಯ ಕುರುಡ ಮುದುಕ. ಅಷ್ಟರಲ್ಲಿ ಮಗ ಬಂದು ಕೋಲಿನಿಂದ ಬಡಿಯುತ್ತಾನೆ. ಕೊಲೆಗಳು ಶುರುವಾಗುವುದು ಇದಾದ ಮೇಲೆ.

ಮೇರಿಗೆ ಸಾವು ಪುಸ್ತಕದಲ್ಲಿ ಓದಿದ ವಿಷಯವಾಗಿರಲಿಲ್ಲ. ಅವಳು ಹುಟ್ಟಿ ಎರಡು ವಾರ ತುಂಬುವ ಮೊದಲೇ ತಾಯಿ ತೀರಿಕೊಂಡಿದ್ದಳು. 1815ರಲ್ಲಿ, ಹದಿನೇಳರ ವಯಸ್ಸಿನಲ್ಲಿ ಅವಳು ಹೆತ್ತ ಮೊದಲ ಹೆಣ್ಣುಕೂಸೂ ಎರಡು ವಾರ ಬದುಕಲಿಲ್ಲ. ಕೆಲವೇ ದಿನಗಳ ನಂತರ ದಿನಚರಿಯಲ್ಲಿ ಒಂದು ಕನಸನ್ನು ಬರೆದಿಟ್ಟಳು: ಕೂಸು ಸತ್ತಿರಲಿಲ್ಲ, ಮೈ ತಣ್ಣಗಾಗಿತ್ತಷ್ಟೆ, ಬೆಂಕಿಯ ಮುಂದೆ ಹಿಡಿದು ಉಜ್ಜಿದಾಗ ಜೀವ ಬಂತು. ಎಚ್ಚರವಾದಾಗ ಕೂಸು ಇರಲಿಲ್ಲ. ಆ ಆಸೆಯನ್ನು ಪಾಪವೆನ್ನಲು ನನಗೆ ನಾಲಿಗೆ ಏಳುವುದಿಲ್ಲ.