ರೇಡಿಯೊ ತಂದಿರಿ, ಪಾಸ್‌ವರ್ಡ್ ಎಷ್ಟುದ್ದ?

ಮೇಜಿನ ಮೇಲಿಡುವ, ಮನೆಯ ವೈಫೈ ಮೂಲಕ ಹಾಡುವ ಇಂಟರ್ನೆಟ್ ರೇಡಿಯೊ ಕೊಳ್ಳುವಾಗ ಎಲ್ಲರೂ ಸ್ಪೀಕರ್ ಎಷ್ಟು ಇಂಚು, ಪೆಟ್ಟಿಗೆ ಮರದ್ದೋ ಪ್ಲಾಸ್ಟಿಕ್ಕೋ ಅಂತ ನೋಡುತ್ತಾರೆ. ಮನೆಯ ವೈಫೈ ಪಾಸ್‌ವರ್ಡಿನಲ್ಲಿ ಎಷ್ಟು ಅಕ್ಷರ ಇವೆ ಅಂತ ಯಾರೂ ಎಣಿಸುವುದಿಲ್ಲ. ಎಣಿಸಬೇಕು. ಈ ಪೆಟ್ಟಿಗೆಗಳಲ್ಲಿ ಹೆಚ್ಚಿನವಕ್ಕೆ ಕೀಬೋರ್ಡ್ ಇಲ್ಲ, ಇರುವುದು ಒಂದೇ ನಾಬ್. ಅದನ್ನು ತಿರುಗಿಸುತ್ತಾ ಹೋದರೆ ಪರದೆಯ ಮೇಲೆ ಒಂದೊಂದೇ ಅಕ್ಷರ ಸರಿದು ಬರುತ್ತದೆ, ಬೇಕಾದ್ದು ಬಂದ ಗಳಿಗೆಯಲ್ಲಿ ಒತ್ತಬೇಕು. ಅಂಕಿ, ಸಣ್ಣಕ್ಷರ, ದೊಡ್ಡಕ್ಷರ, ಚಿಹ್ನೆ ಎಲ್ಲ ಸೇರಿ 90ಕ್ಕೂ ಹೆಚ್ಚು. ಕನೆಕ್ಷನ್ ಕೊಡಲು ಬಂದ ಹುಡುಗ ಮನೆದೇವರ ಹೆಸರು, ಮಗನ ಹುಟ್ಟಿದ ವರ್ಷ, ನಡುವೆ ಒಂದು ಅಟ್ ಚಿಹ್ನೆ ಸೇರಿಸಿ 22 ಅಕ್ಷರದ ಪಾಸ್‌ವರ್ಡ್ ಇಟ್ಟು ಹೋಗಿದ್ದರೆ, ಅದಕ್ಕಿಂತ ಸಹಸ್ರನಾಮ ಬೇಗ ಮುಗಿದೀತು.

ಸಾಲದ್ದಕ್ಕೆ ಹಲವು ಮಾಡೆಲ್‌ಗಳಲ್ಲಿ ಅಳಿಸುವ ಗುರುತು, ಓಕೆ, ಕ್ಯಾನ್ಸಲ್ ಮೂರೂ ಒಂದೇ ಬೆಂಚಿನ ಮೇಲೆ ಕೂತ ತುಂಟರ ಹಾಗೆ ಅಕ್ಕಪಕ್ಕ ಇರುತ್ತವೆ. 22 ಅಕ್ಷರ ಮುಗಿಸಿ, ಉಸಿರು ಬಿಗಿಹಿಡಿದು ಓಕೆ ಒತ್ತಲು ಹೋಗಿ ಒಂದು ಗೀಟು ಹೆಚ್ಚು ತಿರುಗಿಸಿದರೆ ಕ್ಯಾನ್ಸಲ್. ಮತ್ತೆ ಮೊದಲಿನಿಂದ. ಈ ಮೂರೂ ಸಾಮಾನ್ಯವಾಗಿ ಅಕ್ಷರಮಾಲೆಯ ಹಿಂಬದಿಯಲ್ಲೇ ಇರುವುದರಿಂದ, ಕೊನೆಗೆ ನಾಬನ್ನು ಮುಂದಕ್ಕೆ ಸುತ್ತದೆ ಹಿಂದಕ್ಕೆ ತಿರುಗಿಸಿ, ಬೇಗ ಸಿಗುತ್ತವೆ. ಇನ್ನೂ ಸುಲಭದ ದಾರಿ ಡಬ್ಲ್ಯೂಪಿಎಸ್. ರೇಡಿಯೊದಲ್ಲಿ ಅದನ್ನು ಆರಿಸಿ, ಎರಡು ನಿಮಿಷದೊಳಗೆ ರೂಟರಿನ ಮೇಲೆ ಅದೇ ಹೆಸರಿನ ಗುಂಡಿ ಒತ್ತಿದರೆ ಪಾಸ್‌ವರ್ಡಿನ ಗೊಡವೆಯೇ ಇಲ್ಲ. ಆ ಗುಂಡಿ ಇಲ್ಲದ ರೂಟರ್ ಆದರೆ ನೆಂಟರಿಗೆಂದು ಬೇರೆಯಾಗಿ ಕೊಡುವ ಗೆಸ್ಟ್ ನೆಟ್‌ವರ್ಕ್ ಒಂದನ್ನು ತೆರೆದು ಎಂಟೇ ಅಕ್ಷರದ ಪಾಸ್‌ವರ್ಡ್ ಕೊಡಬಹುದು. ಅದರಲ್ಲೊಂದು ಹುಳುಕಿದೆ. ಗೆಸ್ಟ್ ನೆಟ್‌ವರ್ಕಿಗೆ ಬಂದ ಸಾಧನವನ್ನು ರೂಟರ್ ಮನೆಯ ಉಳಿದ ಸಾಧನಗಳ ಜೊತೆ ಮಾತಾಡಲು ಬಿಡುವುದಿಲ್ಲ. ಹಾಡು ಬರುತ್ತದೆ, ಆದರೆ ಫೋನಿನ ಆ್ಯಪ್ ತೆರೆದರೆ ರೇಡಿಯೊ ಕಾಣಿಸುವುದೇ ಇಲ್ಲ. ಜಗಲಿಯಲ್ಲಿ ಕೂರಿಸಿದ ನೆಂಟರಿಗೆ ಅಡುಗೆಮನೆ ಎಲ್ಲಿ ಗೊತ್ತಾಗಬೇಕು?

‘ಪಾಸ್‌ವರ್ಡ್ ಸರಿ ಇದೆ, ಆದರೂ ಸೇರಲ್ಲ’ ಎಂಬ ದೂರಿಗೆ ಎರಡು ಕಾರಣ ಇರುತ್ತವೆ. ಕಡಿಮೆ ಬೆಲೆಯ ಮತ್ತು ಹಳೆಯ ಮಾಡೆಲ್‌ಗಳಿಗೆ ವೈಫೈಯ 2.4 ಗಿಗಾಹರ್ಟ್ಸ್ ಅಲೆ ಮಾತ್ರ ಗೊತ್ತು. ನಿಮ್ಮ ರೂಟರ್ 5 ಗಿಗಾಹರ್ಟ್ಸ್ ಒಂದನ್ನೇ ಬಿಡುತ್ತಿದ್ದರೆ ಅವುಗಳ ಪಾಲಿಗೆ ಮನೆಯಲ್ಲಿ ವೈಫೈಯೇ ಇಲ್ಲ. ಎರಡನೆಯದು ಭದ್ರತೆ. ಹೊಸ ರೂಟರ್ ಬರೀ ಡಬ್ಲ್ಯೂಪಿಎ3 ಎಂಬ ಹೊಸ ಬೀಗದ ಮೇಲೆ ನಿಂತಿದ್ದರೆ ಹಳೆಯ ರೇಡಿಯೊ ಬಾಗಿಲಲ್ಲೇ ನಿಲ್ಲುತ್ತದೆ. ಹಿಂದಿನ ಡಬ್ಲ್ಯೂಪಿಎ2ಕ್ಕೋ, ಎರಡೂ ಬೆರೆತ ಮೋಡ್‌ಗೋ ಬದಲಿಸಿದರೆ ಒಳಗೆ ಬರುತ್ತದೆ. ಇನ್ನು ರೇಡಿಯೊವನ್ನು ಅಡುಗೆಮನೆಯಲ್ಲಿ ಮೈಕ್ರೊವೇವ್ ಪಕ್ಕ ಇಡಬೇಡಿ. ಆ ಒಲೆಯೂ 2.45 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ಕೆಲಸ ಮಾಡುವುದು. ಸಾರು ಬಿಸಿಯಾಗುವ ಎರಡು ನಿಮಿಷ ಆಲಾಪನೆ ತುಂಡುತುಂಡಾಗುತ್ತದೆ, ಮನೆಯವರು ಗಾಯಕರಿಗೆ ಕೆಮ್ಮು ಅಂದುಕೊಳ್ಳುತ್ತಾರೆ.

ಇಷ್ಟೆಲ್ಲ ಮೊದಲ ದಿನದ ಗೋಳು. ನಿಜವಾದ ಪೇಚು ಮೂರು ವರ್ಷ ಬಿಟ್ಟು ಬರುತ್ತದೆ. ಇಂಥ ಪೆಟ್ಟಿಗೆ ಕೊಳ್ಳುವವರು ಅದೂ ಒಂದು ರೇಡಿಯೊ ಅಂದುಕೊಂಡಿರುತ್ತಾರೆ. 1935ರಲ್ಲಿ ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಶುರು ಮಾಡಿದಾಗ ಅವರ ಯಂತ್ರಕ್ಕೂ ಕೇಳುಗರ ಸೆಟ್ಟಿಗೂ ನಡುವೆ ಇದ್ದದ್ದು ಬರೀ ಗಾಳಿ. ಇಂಟರ್ನೆಟ್ ರೇಡಿಯೊ ಹಾಗಲ್ಲ. ಅದಕ್ಕೆ ಯಾವ ಸ್ಟೇಷನ್ನಿನ ವಿಳಾಸವೂ ಸ್ವತಃ ಗೊತ್ತಿಲ್ಲ. ಪ್ರತಿ ಸಲ ಎಲ್ಲೋ ದೂರದ ಸರ್ವರಿಗೆ ಹೋಗಿ ‘ಆ ಸ್ಟೇಷನ್ ಮನೆ ಎಲ್ಲಿ ಸಾರ್?’ ಅಂತ ವಿಚಾರಿಸಿಕೊಂಡು ಬರುತ್ತದೆ. ವಿಟ್ಯೂನರ್, ಏರಬಲ್, ಟ್ಯೂನ್‌ಇನ್ ಇವೆಲ್ಲ ಹಾಗೆ ವಿಳಾಸ ಹೇಳುವ ಅಂಗಡಿಗಳು. ಪೆಟ್ಟಿಗೆಯ ಮೇಲೆ ‘ಹತ್ತಾರು ಸಾವಿರ ಸ್ಟೇಷನ್’ ಅಂತ ಬರೆದಿದ್ದರೆ ಅಷ್ಟೂ ಆ ಅಂಗಡಿಯ ಸಾಮಾನು, ಪೆಟ್ಟಿಗೆಯದ್ದಲ್ಲ. ಅಂಗಡಿ ಬಾಗಿಲು ಹಾಕಿದ ದಿನ ನಿಮ್ಮ ಮರದ ಪೆಟ್ಟಿಗೆ ಗಡಿಯಾರವಾಗುತ್ತದೆ. ಕೆಲವು ಗಡಿಯಾರವೂ ಆಗುವುದಿಲ್ಲ, ಏಕೆಂದರೆ ಸಮಯವನ್ನೂ ಇಂಟರ್ನೆಟ್ಟನ್ನೇ ಕೇಳುತ್ತವೆ.

ಹೆದರಿಸುವ ಮಾತಲ್ಲ, ಆಗಿಹೋದದ್ದು. ಹಲವು ಕಂಪನಿಗಳ ರೇಡಿಯೊಗಳಿಗೆ ಪಟ್ಟಿ ಒದಗಿಸುತ್ತಿದ್ದ ರೆಸಿವಾ 2021ರ ಏಪ್ರಿಲ್ ಕೊನೆಗೆ ಬಾಗಿಲು ಮುಚ್ಚಿತು. ಲಾಜಿಟೆಕ್‌ನ ಸ್ಕ್ವೀಜ್‌ಬಾಕ್ಸ್ ರೇಡಿಯೊ ನಂಬಿದ್ದ ಮೈಸ್ಕ್ವೀಜ್‌ಬಾಕ್ಸ್ ಸೇವೆ 2024ರಲ್ಲಿ ನಿಂತಿತು. ಎರಡನೆಯದರ ಬಳಗ ಮಾತ್ರ ಬದುಕಿಕೊಂಡಿತು. ಲಿರಿಯನ್ ಎಂಬ ಮುಕ್ತ ತಂತ್ರಾಂಶವನ್ನು ಮನೆಯ ಕಂಪ್ಯೂಟರಿಗೋ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಬೋರ್ಡಿಗೋ ಹಾಕಿಕೊಂಡರೆ ಆ ಪೆಟ್ಟಿಗೆಗಳು ಇವತ್ತಿಗೂ ಹಾಡುತ್ತವೆ. ಬಿಟ್ಟಿ ಸಲಹೆ ಕೊಡಲು ದೊಡ್ಡ ಬಳಗವಿರುವ ಮಾಡೆಲ್, ಮಿಂಚುವ ಮಾಡೆಲ್‌ಗಿಂತ ಮೇಲು.

ವಿಳಾಸದ ಅಂಗಡಿ ತೆರೆದಿದ್ದೂ ರೇಡಿಯೊ ಮೂಕವಾಗುವುದುಂಟು. 2015ರಲ್ಲಿ ಬಿಬಿಸಿ ತನ್ನ ಹಳೆಯ ರೂಪದ ಸ್ಟ್ರೀಮ್‌ಗಳನ್ನು, ಅಂದರೆ ನೆಟ್‌ನಲ್ಲಿ ಹರಿದು ಬರುವ ಪ್ರಸಾರಗಳನ್ನು, ನಿಲ್ಲಿಸಿದಾಗ ಬ್ರಿಟನ್ನಿನ ಎಷ್ಟೋ ಅಡುಗೆಮನೆಗಳು ಒಂದೇ ಬೆಳಿಗ್ಗೆ ಮೌನವಾದವು. 2023ರಲ್ಲಿ ಎಂಪಿ3 ಸ್ಟ್ರೀಮ್‌ಗಳ ಸರದಿ. ಹೊಸದು ಎಚ್‌ಎಲ್‌ಎಸ್. ಇದರಲ್ಲಿ ಹಾಡು ಒಂದೇ ಧಾರೆಯಾಗಿ ಬರದೆ ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಬರುತ್ತದೆ, ಜೋಡಿಸಿ ನುಡಿಸುವುದು ರೇಡಿಯೊದ ಕೆಲಸ. ಹಳೆಯ ಚಿಪ್ಪಿಗೆ ಆ ಕಸುಬು ಬಾರದು. ನಮಗೆ ಇದು ಮುಖ್ಯ, ಏಕೆಂದರೆ ಆಕಾಶವಾಣಿಯ ಸ್ಟ್ರೀಮ್‌ಗಳು ಬರುವುದೂ ಎಚ್‌ಎಲ್‌ಎಸ್‌ನಲ್ಲೇ. ಬೆಂಗಳೂರಿನಿಂದ 2016ರ ಜನವರಿ 26ರಂದು ಶುರುವಾದ, ದಿನವಿಡೀ ಶಾಸ್ತ್ರೀಯ ಸಂಗೀತ ಕೊಡುವ ‘ರಾಗಂ’ ಕೇಳಲೆಂದೇ ರೇಡಿಯೊ ಕೊಳ್ಳುವವರಿದ್ದಾರೆ. ಅಂಥವರು ವಿವರಪಟ್ಟಿಯಲ್ಲಿ ಎಂಪಿ3, ಎಎಸಿ ಎಂಬ ಧ್ವನಿಯ ರೂಪಗಳೆರಡನ್ನೇ ನೋಡಿ ತೃಪ್ತರಾಗದೆ ಎಚ್‌ಎಲ್‌ಎಸ್ ಇದೆಯೇ, ಎಚ್‌ಟಿಟಿಪಿಎಸ್ ಎಂದು ಶುರುವಾಗುವ ಸುರಕ್ಷಿತ ವಿಳಾಸ ತೆರೆಯುತ್ತದೆಯೇ ಕೇಳಬೇಕು. ರೇಡಿಯೊ ಮಾರುವವನು ‘ಎಲ್ಲ ಬರುತ್ತೆ ಸಾರ್’ ಅಂದರೆ ಅವನಿಗೂ ಗೊತ್ತಿಲ್ಲ ಅಂತ ತಿಳಿಯಿರಿ. ಅಲ್ಲೇ ಫೋನಿನ ಹಾಟ್‌ಸ್ಪಾಟ್ ಕೊಟ್ಟು, ನಿಮಗೆ ಬೇಕಾದ ಮೂರು ಸ್ಟೇಷನ್ ಹುಡುಕಿ ನುಡಿಸಿ ನೋಡಿ. ಹತ್ತಾರು ಸಾವಿರದಲ್ಲಿ ಆ ಮೂರು ಇಲ್ಲದಿದ್ದರೆ ಉಳಿದದ್ದು ಕಟ್ಟಿಕೊಂಡು ಏನಾಗಬೇಕು?

ಪಟ್ಟಿಯಲ್ಲಿ ಇಲ್ಲದ ಸ್ಟೇಷನ್ನಿನ ವಿಳಾಸವನ್ನು ನೀವೇ ಸೇರಿಸಲು ಬರುತ್ತದೆಯೇ ಎಂಬುದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಕೆಲವು ರೇಡಿಯೊಗಳಲ್ಲಿ ಅವುಗಳ ಐಪಿ ವಿಳಾಸವನ್ನು (ಮನೆಯ ನೆಟ್‌ವರ್ಕಿನಲ್ಲಿ ಅವಕ್ಕೆ ಸಿಕ್ಕ ಸಂಖ್ಯೆ) ಕಂಪ್ಯೂಟರಿನ ಬ್ರೌಸರಿನಲ್ಲಿ ಬರೆದರೆ ಪುಟ ತೆರೆದುಕೊಳ್ಳುತ್ತದೆ, ಅಲ್ಲೇ ಸೇರಿಸಬಹುದು. ಕೆಲವಕ್ಕೆ ಕಂಪನಿಯ ಪೋರ್ಟಲ್ಲೇ ಗತಿ. ಇನ್ನು ಕೆಲವಕ್ಕೆ ಅದೂ ಇಲ್ಲ, ಅವನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಸೇರಿಸುವಾಗ ಆಗುವ ಮಾಮೂಲಿ ತಪ್ಪು: .ಪಿಎಲ್‌ಎಸ್ ಅಥವಾ .ಎಂ3ಯು ಎಂದು ಕೊನೆಯಾಗುವ ವಿಳಾಸ ಹಾಕಿ ‘ಬರ್ತಿಲ್ಲ’ ಅನ್ನುವುದು. ಅದು ಹಾಡಲ್ಲ, ಹಾಡಿನ ವಿಳಾಸ ಬರೆದಿಟ್ಟ ಚೀಟಿ. ನೋಟ್‌ಪ್ಯಾಡಿನಲ್ಲಿ ತೆರೆದರೆ ಒಳಗೆ ಅಸಲಿ ವಿಳಾಸ ಸಿಗುತ್ತದೆ, ಅದನ್ನು ಹಾಕಿ. .ಎಂ3ಯು8 ಎಂದಿದ್ದರೆ ಮಾತ್ರ ತೆರೆಯುವ ಕೆಲಸವಿಲ್ಲ. ಅದು ಬಹುತೇಕ ಎಚ್‌ಎಲ್‌ಎಸ್, ಹಾಗೇ ಕೊಡಬೇಕು.

ಹೊರದೇಶದ ಕನ್ನಡಿಗರ ಪಜೀತಿಯೇ ಬೇರೆ. 2019ರಲ್ಲಿ ಇಂಗ್ಲೆಂಡಿನ ಹೈಕೋರ್ಟು ಹಾಡಿನ ಹಕ್ಕಿನ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟ ಮೇಲೆ ಟ್ಯೂನ್‌ಇನ್ ಅಲ್ಲಿನ ಕೇಳುಗರಿಗೆ ಹೊರದೇಶದ ಸ್ಟೇಷನ್‌ಗಳನ್ನು ಮುಚ್ಚಿತು. ಬೆಂಗಳೂರಿನಲ್ಲಿ ಟ್ಯೂನ್‌ಇನ್ ಪಟ್ಟಿ ನೋಡಿ ಖುಷಿಪಟ್ಟು ಲಂಡನ್ನಿನ ಮಗಳಿಗೆ ಅದೇ ಮಾಡೆಲ್ ಒಯ್ದರೆ ಅಲ್ಲಿ ಪಟ್ಟಿ ಬೋಳು. ನ್ಯೂಜೆರ್ಸಿಯಲ್ಲಿ ಆ ತೊಂದರೆ ಇಲ್ಲ, ಆದರೆ ನಮ್ಮ ಬೆಳಗಿನ ಆರು ಗಂಟೆ ಅಲ್ಲಿಗೆ ಬೇಸಿಗೆಯಲ್ಲಿ ಹಿಂದಿನ ರಾತ್ರಿ ಎಂಟೂವರೆ. ಊಟಕ್ಕೆ ಕೂತು ಸಾರು ಬಡಿಸಿಕೊಳ್ಳುವಾಗ ಊರಿನ ರೇಡಿಯೊ ದೇವರನ್ನು ಎಬ್ಬಿಸುತ್ತಿರುತ್ತದೆ.

ಇನ್ನು ಸದ್ದು. ಪೆಟ್ಟಿಗೆಯ ಮೇಲೆ ‘1000 ವ್ಯಾಟ್ ಪಿಎಂಪಿಒ’ ಎಂಬ ಜಾಹೀರಾತಿನ ಲೆಕ್ಕ ಕಂಡರೆ ನಕ್ಕು, ಅಡಾಪ್ಟರ್ ತಿರುಗಿಸಿ ನೋಡಿ. 5 ವೋಲ್ಟ್, 2 ಆಂಪ್ ಎಂದಿರುತ್ತದೆ. ಗುಣಿಸಿದರೆ 10 ವ್ಯಾಟ್. ಒಳಗೆ ಹೋಗುವುದೇ ಹತ್ತು, ಅದರಲ್ಲೇ ಪರದೆ, ವೈಫೈ, ಚಿಪ್ಪು ಎಲ್ಲ ಉಣ್ಣಬೇಕು. ಹೊರಗೆ ಸಾವಿರ ಬರಲು ಅದೇನು ಅಕ್ಷಯಪಾತ್ರೆಯೇ? ಮಲಗುವ ಕೋಣೆಗೂ ಅಡುಗೆಮನೆಗೂ 5ರಿಂದ 10 ವ್ಯಾಟ್ ಆರ್‌ಎಂಎಸ್ (ಸತತವಾಗಿ ಕೊಡುವ ಅಸಲಿ ಶಕ್ತಿ), 3 ಇಂಚಿನ ಒಳ್ಳೆಯ ಒಂದು ಸ್ಪೀಕರ್ ಧಾರಾಳವಾಯಿತು. ಒಂದು ಗೇಣಿನೊಳಗೆ ಎರಡು ಪುಟ್ಟ ಸ್ಪೀಕರ್ ತುರುಕಿ ‘ಸ್ಟೀರಿಯೊ’ ಎಂದರೆ, ಮೂಗು ಪೆಟ್ಟಿಗೆಗೆ ತಾಗುವಷ್ಟು ಹತ್ತಿರ ಕೂತವರಿಗೆ ಮಾತ್ರ ಸ್ಟೀರಿಯೊ. ಅಡಾಪ್ಟರ್ ಕಳೆದುಹೋದಾಗ ‘ಪಿನ್ ಹೊಂದಿತಲ್ಲ’ ಎಂದು ಸೆಟ್‌ಟಾಪ್ ಬಾಕ್ಸಿನ 12 ವೋಲ್ಟಿನದ್ದನ್ನು ಚುಚ್ಚುವ ಸಾಹಸಿಗಳು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. 5 ವೋಲ್ಟಿನ ರೇಡಿಯೊ ಅದಕ್ಕೆ ಧೂಪದ ಮೂಲಕ ಉತ್ತರಿಸುತ್ತದೆ. ವೋಲ್ಟೇಜು, ಪಿನ್ನಿನ ಪ್ಲಸ್ಸು ಒಳಗಿದೆಯೋ ಹೊರಗಿದೆಯೋ ಎರಡೂ ತಾಳೆಯಾಗಬೇಕು. ಆಂಪ್ ಹೆಚ್ಚಿದ್ದರೆ ಚಿಂತೆಯಿಲ್ಲ.

ಡೇಟಾ ಎಷ್ಟು ಎಳೆಯುತ್ತದೆ ಎಂಬ ಭಯ ಹಿರಿಯರಿಗೆ ಹೆಚ್ಚು. 128 ಕೆಬಿಪಿಎಸ್ ಸ್ಟೇಷನ್ ಗಂಟೆಗೆ ಸುಮಾರು 58 ಎಂಬಿ ತಿನ್ನುತ್ತದೆ. ದಿನಕ್ಕೆ ಎಂಟು ಗಂಟೆ ಹಾಡಿದರೂ ತಿಂಗಳಿಗೆ 14 ಜಿಬಿ, ಫೈಬರ್ ಕನೆಕ್ಷನ್ನಿಗೆ ಲೆಕ್ಕಕ್ಕಿಲ್ಲ. ಫೋನಿನ ಹಾಟ್‌ಸ್ಪಾಟಿನಲ್ಲೂ ನಡೆಯುತ್ತದೆ, ಫೋನು ಆಫೀಸಿಗೆ ಹೊರಡುವವರೆಗೆ.

ಕ್ರಿಕೆಟ್ ಕಾಮೆಂಟರಿಗೆ ಮಾತ್ರ ಇದನ್ನು ನಂಬಬೇಡಿ. ಸ್ಟ್ರೀಮ್ ಅರ್ಧ ನಿಮಿಷವೋ ಇನ್ನೂ ಹೆಚ್ಚೋ ಹಿಂದಿರುತ್ತದೆ. ಎಫ್‌ಎಂ ಇಟ್ಟುಕೊಂಡ ಪಕ್ಕದ ಮನೆಯವರು ‘ಔಟ್!’ ಎಂದು ಕುಣಿದು, ಕೂತು, ನೀರು ಕುಡಿದ ಮೇಲೆ ನಿಮ್ಮ ಪೆಟ್ಟಿಗೆಯಲ್ಲಿ ಬೌಲರ್ ಓಡಿ ಬರಲು ಶುರುಮಾಡುತ್ತಾನೆ. ಸಮಯದ ‘ಬೀಪ್’ ಕೇಳಿ ಗಡಿಯಾರ ಸರಿಪಡಿಸುವ ಅಜ್ಜನಿಗೂ ಈ ವಿಷಯ ಮೊದಲೇ ತಿಳಿಸಿ. ಎಫ್‌ಎಂ ಕೂಡ ಇರುವ ಮಾಡೆಲನ್ನೇ ತೆಗೆದುಕೊಳ್ಳಿ ಅನ್ನುವುದು ಇದಕ್ಕೇ. ನೆಟ್ ಹೋದ ದಿನ ಆಂಟೆನಾ ಎಳೆದರೆ ವಿವಿಧ ಭಾರತಿಯಾದರೂ ಸಿಗುತ್ತದೆ. ಡಿಎಬಿ, ಅಂದರೆ ಗಾಳಿಯಲ್ಲೇ ಬರುವ ಡಿಜಿಟಲ್ ರೇಡಿಯೊದ ಗುಂಡಿ ಇದೆ ಎಂದು ಹೆಚ್ಚು ದುಡ್ಡು ಕೊಡಬೇಡಿ. ಅದು ನಾರ್ವೆ, ಬ್ರಿಟನ್ ಕಡೆಯವರಿಗೆ. ನಮ್ಮಲ್ಲಿ ಆಕಾಶವಾಣಿ ಡಿಜಿಟಲ್‌ಗೆ ಹಿಡಿದ ದಾರಿ ಡಿಆರ್‌ಎಂ ಎಂಬ ಬೇರೆಯೇ ಪದ್ಧತಿ. ಡಿಎಬಿ ಗುಂಡಿ ಒತ್ತಿದರೆ ಪರದೆ ಗಂಭೀರವಾಗಿ ಹುಡುಕಿ ‘0’ ಎನ್ನುತ್ತದೆ.

ಕರೆಂಟು ಹೋಗಿ ಬಂದಾಗ ಏನಾಗುತ್ತದೆ ನೋಡಿ. ರೇಡಿಯೊ ಅರ್ಧ ನಿಮಿಷದಲ್ಲಿ ಎದ್ದು ನೆಟ್ ಹುಡುಕುತ್ತದೆ. ರೂಟರಿಗೆ ಮೈಮುರಿದು ಏಳಲು ಎರಡು ಮೂರು ನಿಮಿಷ ಬೇಕು. ಅಷ್ಟರಲ್ಲಿ ರೇಡಿಯೊ ಬೇಸತ್ತು ‘ನೆಟ್‌ವರ್ಕ್ ಇಲ್ಲ’ ಎಂದು ಬರೆದು ಮಲಗಿರುತ್ತದೆ. ಬೆಳಗಿನ ಜಾವ ಹೀಗಾದರೆ ಅಲಾರಂ ಹಾಡುವುದಿಲ್ಲ. ಸ್ಟೇಷನ್ ಸಿಗದಿದ್ದರೆ ಬಜರ್ ಹೊಡೆಯುವ ಮಾಡೆಲ್‌ಗಳಿವೆ, ಅಂಥದ್ದೇ ಬೇಕು. ರೂಟರಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಒಂದಿಟ್ಟರೆ ಅರ್ಧ ರಗಳೆ ತೀರುತ್ತದೆ. ಫೈಬರ್ ಡಬ್ಬಿ ಬೇರೆ, ರೂಟರ್ ಬೇರೆ ಇದ್ದರೆ ಎರಡಕ್ಕೂ ಬೇಕು. ಒಂದಕ್ಕೇ ಕೊಟ್ಟು ‘ಯುಪಿಎಸ್ ಸರಿಯಿಲ್ಲ’ ಎನ್ನುವವರೇ ಹೆಚ್ಚು. ಗಡಿಯಾರ ಒಂದು ಗಂಟೆ ಮುಂದಿದ್ದರೆ ಸೆಟ್ಟಿಂಗ್‌ನಲ್ಲಿ ಡೇಲೈಟ್ ಸೇವಿಂಗ್ (ಹೊರದೇಶಗಳ ಬೇಸಿಗೆ ಸಮಯ) ಚಾಲೂ ಆಗಿರುತ್ತದೆ, ಆಫ್ ಮಾಡಿ.

ಕೊನೆಯದು ಪ್ರಿಸೆಟ್, ಅಂದರೆ ಮೆಚ್ಚಿನ ಸ್ಟೇಷನ್ ಕೂರಿಸಿಟ್ಟುಕೊಳ್ಳುವ ಜಾಗ. ಮನೆಯಲ್ಲಿ ವಯಸ್ಸಾದವರಿದ್ದರೆ ಮುಖದ ಮೇಲೆ ನಾಲ್ಕೈದಾದರೂ ನಿಜವಾದ ಗುಂಡಿಗಳಿರುವ ರೇಡಿಯೊ ತನ್ನಿ. ಮೆನುವಿನ ಒಳಗೆ ನಲವತ್ತು ಪ್ರಿಸೆಟ್ ಇದ್ದರೂ ಅವರ ಪಾಲಿಗೆ ಇಲ್ಲದಂತೆಯೇ. ಗುಂಡಿಗಳ ಕ್ರಮ ಸರಳ: ಮುಟ್ಟಿ ಬಿಟ್ಟರೆ ಆ ಸ್ಟೇಷನ್ ಬರುತ್ತದೆ, ಎರಡು ಮೂರು ಸೆಕೆಂಡು ಒತ್ತಿ ಹಿಡಿದರೆ ಈಗ ನುಡಿಯುತ್ತಿರುವ ಸ್ಟೇಷನ್ ಅದರೊಳಗೆ ಕೂರುತ್ತದೆ. ತೊಂದರೆ ಏನೆಂದರೆ ಹಳೆಯ ಕಾಲದ ಬೆರಳುಗಳಿಗೆ ಮುಟ್ಟಿ ಬಿಟ್ಟು ಅಭ್ಯಾಸವಿಲ್ಲ. ಆಗಿನ ಸ್ವಿಚ್ಚುಗಳು ‘ಟಕ್’ ಎನ್ನುವವರೆಗೆ ಒತ್ತಿದರೇ ಕೇಳುತ್ತಿದ್ದವು. ಪ್ರಿಸೆಟ್ ಬೀಗ ಹಾಕಲು ಬರುವ ಮಾಡೆಲ್ ಸಿಕ್ಕರೆ ಪುಣ್ಯ. ಸಿಗದಿದ್ದರೆ ಯಾವ ಗುಂಡಿಗೆ ಯಾವ ಸ್ಟೇಷನ್ ಎಂದು ಚೀಟಿ ಬರೆದು ಪೆಟ್ಟಿಗೆಯ ತಳಕ್ಕೆ ಅಂಟಿಸಿಡಿ, ವಾರಕ್ಕೊಮ್ಮೆ ಬೇಕಾಗುತ್ತದೆ.

ಅದು ನಡೆಯುವುದು ಹೀಗೆ. ಒಂದನೇ ಗುಂಡಿಯಲ್ಲಿ ಅಜ್ಜಿಯ ಭಜನೆ ನಡೆಯುತ್ತಿರುತ್ತದೆ. ಅಜ್ಜ ವಾರ್ತೆಗೆಂದು ಎರಡನೇ ಗುಂಡಿಯನ್ನು ಬಲವಾಗಿ ಅದುಮುತ್ತಾರೆ. ಪರದೆಯ ಮೇಲೆ ಏನೋ ಇಂಗ್ಲಿಷಿನಲ್ಲಿ ಮೂಡಿ ಮಾಯವಾಗುತ್ತದೆ, ಭಜನೆ ನಿಲ್ಲುವುದಿಲ್ಲ. ಸರಿಯಾಗಿ ಒತ್ತಲಿಲ್ಲವೇನೋ ಎಂದು ಮೂರನೆಯದನ್ನು ಇನ್ನೂ ಬಲವಾಗಿ, ಆಮೇಲೆ ನಾಲ್ಕನೆಯದು, ಐದನೆಯದಕ್ಕೆ ಎರಡೂ ಹೆಬ್ಬೆರಳು. ಐದು ಗುಂಡಿಯಲ್ಲೂ ಈಗ ಅದೇ ಭಜನೆ. ‘ಕೆಟ್ಟುಹೋಯ್ತು ಕಣೇ ಇದು’ ಅನ್ನುತ್ತಾರೆ ಅಜ್ಜ. ‘ಎಲ್ಲಿ ಕೆಟ್ಟಿದೆ? ಈಗ ಸರಿಹೋಯ್ತು’ ಅನ್ನುತ್ತಾರೆ ಅಜ್ಜಿ.