ಡಾಕ್ಟರ್ ಗಾಡಿ

ಮುಂಬೈಯ ಮುಲುಂಡಿನ ನಮ್ಮ ಸೊಸೈಟಿಯ ಬೋರ್ಡಿನಲ್ಲಿ ನೋಟಿಸ್ ಅಂಟಿಸಿದ್ದಾರೆ. ನನ್ನ ಹೆಸರಿಲ್ಲ, ಪಾರ್ಕಿಂಗ್ ನಂಬರ್ ಇದೆ. ಆಯಿಲ್ ಸೋರಿ ಹೊಸ ಟೈಲ್ಸ್ ಹಾಳಾಗುತ್ತಿದೆಯಂತೆ. ಸೋರಿದ್ದು ಒಂದು ಸೆಟ್ ದೋಸೆಯಷ್ಟು. ಸೆಕ್ರೆಟರಿಯ ಸ್ಕೂಟರು ನಾಲ್ಕು ವರ್ಷದಿಂದ ಸೋರುತ್ತಿದೆ, ಅದಕ್ಕೆ ನೋಟಿಸಿಲ್ಲ. ಜರ್ಮನ್ ಗಾಡಿ ಸೋರಿದರೆ ಮಾತ್ರ ಎಲ್ಲರಿಗೂ ಖುಷಿ.

ಈ ಹಳೇ ಗಾಡಿ ಕೊಂಡ ಕಥೆ ಹೇಳಬೇಕು ಅಂತಲೇ ಬರೆಯಲು ಕೂತೆ.

ಏಜೆಂಟು ಬಾನೆಟ್ ಎತ್ತುವ ಮೊದಲೇ ‘ಡಾಕ್ಟರ್ ಕೀ ಗಾಡಿ ಹೈ ಸಾಬ್’ ಅಂದಿದ್ದ, ಅಂದರೆ ಹೆಚ್ಚು ಓಡಿಲ್ಲ ಅಂತ. ನಾನು ನೋಡಿದ ಆರು ಗಾಡಿಗಳಲ್ಲಿ ಐದು ಡಾಕ್ಟರದ್ದೇ. ಆರನೆಯದು ದಿಲ್ಲಿಯದು. ಹತ್ತು ವರ್ಷ ದಾಟಿದ ಡೀಸೆಲ್ ಅಲ್ಲಿ ಓಡಬಾರದು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅಲ್ಲಿಂದ ಅಗ್ಗಕ್ಕೆ ಬರತೊಡಗಿದ್ದವು. ಎನ್‌ಒಸಿ, ಆರ್‌ಟಿಒ ತಾಪತ್ರಯ ಬೇಡ ಅಂತ ಬಿಟ್ಟೆ.

ನನ್ನದಕ್ಕೆ ಒಂಬತ್ತು ವರ್ಷ. ಮೀಟರಿನಲ್ಲಿ 1,80,000 ಕಿಲೋಮೀಟರ್. ಡಾಕ್ಟರ ಮನೆ ಖಾರ್‌ನಲ್ಲಿ, ದವಾಖಾನೆ ಪಕ್ಕದ ಗಲ್ಲಿಯಲ್ಲಿ ಅಂತ ಏಜೆಂಟೇ ಹೇಳಿದ್ದ. ಮನೆಗೆ ಬಂದು ಲೆಕ್ಕ ಹಾಕಿದೆ. ವರ್ಷಕ್ಕೆ 20,000. ದಿನಕ್ಕೆ ಸುಮಾರು 55, ಭಾನುವಾರವೂ ಸೇರಿ. ಪಕ್ಕದ ಗಲ್ಲಿಗೆ ಇಷ್ಟು ದೂರವಾ?

‘ಪಾರ್ಕಿಂಗ್ ಹುಡುಕ್ತಾ ಇದ್ದಿರಬೇಕು ರೀ’ ಅಂದಳು ಹೆಂಡತಿ. ಖಾರ್ ನೋಡಿದವರು ಇದನ್ನು ತಳ್ಳಿಹಾಕಲಾರರು.

ಒಂದು ದಿನ ಡ್ಯಾಶ್‌ಬೋರ್ಡಿನ ಡಬ್ಬಿ ತೆಗೆದೆ. ಅರ್ಧ ಖಾಲಿಯಾದ ಅಸಿಡಿಟಿ ಮಾತ್ರೆಯ ಸ್ಟ್ರಿಪ್, ಅದರಡಿ ಅಕ್ಷರ ಮಾಸಿದ ಟೋಲ್ ಚೀಟಿಗಳು. ಫಾಸ್ಟ್ಯಾಗ್ ಕಡ್ಡಾಯವಾಗುವ ಮುಂಚಿನವು. ಖಾಲಾಪುರ, ಖಾಲಾಪುರ, ಮತ್ತೆ ಖಾಲಾಪುರ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯ ಟೋಲ್ ನಾಕಾ ಅದು. ತಾರೀಕುಗಳನ್ನು ಕ್ಯಾಲೆಂಡರಿಗೆ ಹಿಡಿದು ನೋಡಿದೆ. ಓದಲು ಬಂದವೆಲ್ಲ ಗುರುವಾರ. ಪ್ರತಿ ಗುರುವಾರ ಪುಣೆಯಲ್ಲಿ ಏನು ಕೆಲಸ? ಹೆಂಡತಿ ಪ್ರಕಾರ ಇನ್ನೊಂದು ದವಾಖಾನೆ. ನನ್ನ ಪ್ರಕಾರ ಇನ್ನೊಂದು ಸಂಸಾರ. ವಾರಪೂರ್ತಿ ಊಟಕ್ಕೆ ಕೂತಾಗೆಲ್ಲ ಇದೇ ಮಾತು. ಮಾತ್ರೆ ನುಂಗುತ್ತಿದ್ದುದು ಹೋಗುವಾಗಲೋ, ಬರುವಾಗಲೋ ಅನ್ನುವವರೆಗೂ ಬಂತು. ಮುಖ ನೋಡದ ಆ ಡಾಕ್ಟರ ಪರವಾಗಿ ಅವಳು ವಾದಿಸಿದಷ್ಟು ನನ್ನ ಪರವಾಗಿ ಎಂದೂ ವಾದಿಸಿಲ್ಲ.

‘ಎಂಥ ಮಾರಾಯ್ರೆ, ಹೈವೇಯಲ್ಲಿ ಓಡಿದ ಡೀಸೆಲ್ ಒಳ್ಳೇದೇ ಅಲ್ವಾ? ಊರೊಳಗೆ ನಿಂತು ನಿಂತು ಓಡಿದ್ದೇ ಕೆಡುವುದು’ ಅಂದರು ಕೆಳಮನೆಯ ಶೆಟ್ಟರು. ನಿಜ. ದೂರ ಓಡಿದರೆ ಸೈಲೆನ್ಸರ್ ಕಡೆಯ ಫಿಲ್ಟರಿನಲ್ಲಿ ಕೂತ ಮಸಿ ತಾನಾಗಿ ಸುಟ್ಟುಹೋಗುತ್ತದೆ. ಪಾಪ, ಎಕ್ಸ್‌ಪ್ರೆಸ್‌ವೇ ಕಂಡ ಗಾಡಿ ಈಗ ಎಲ್‌ಬಿಎಸ್ ರೋಡಿನಲ್ಲಿ ರಿಕ್ಷಾ ಹಿಂದೆ ನಿಂತಿದೆ.

ಕುರ್ಲಾದ ಮೆಕ್ಯಾನಿಕ್ಕಿಗೆ ತೋರಿಸಿದೆ. ಆಯಿಲ್ ಕೂಲರಿನ ಸೀಲ್ ಹೋಗಿದೆ ಅಂದ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ರಬ್ಬರು. ಆದರೆ ಅದು ವಿ ಆಕಾರದ ಇಂಜಿನ್ನಿನ ಹೊಟ್ಟೆಯೊಳಗಿದೆ. ಅಲ್ಲಿಗೆ ಕೈ ಹೋಗಬೇಕಾದರೆ ಟರ್ಬೊ, ಮ್ಯಾನಿಫೋಲ್ಡ್ ಎಲ್ಲ ಬಿಚ್ಚಬೇಕು. ರಬ್ಬರಿಗೆ ಪುಡಿಗಾಸು, ಬಿಚ್ಚುವುದಕ್ಕೆ ನನ್ನ ದೀಪಾವಳಿ ಬೋನಸ್ಸು. ಸದ್ಯಕ್ಕೆ ಆಯಿಲ್ ತುಂಬಿಸಿಕೊಂಡು, ಅಡಿಗೊಂದು ರಟ್ಟು ಹಾಸಿದ್ದೇನೆ.

ಮಸಿಯಾದರೂ ಸುಡಲಿ, ಒಮ್ಮೆ ಪುಣೆವರೆಗೆ ಸುಮ್ನೆ ಓಡಿಸಿಕೊಂಡು ಬರ್ತೀನಿ, ಗುರುವಾರ ರಜೆ ಇದೆ ಅಂದೆ.

ಹೆಂಡತಿ ಸೌಟು ಕೆಳಗಿಟ್ಟಳು. ‘ಗುರುವಾರವೇ ಯಾಕೆ?’